ಬೆಳಕಿಗೆ ಅಡ್ಡವಾಗದ ಗಾಜು

ಭೌತವಿಜ್ಞಾನದ ಪಾಠ ಕೇಳಿದ ವಿದ್ಯಾರ್ಥಿಗಳಿಗೆ ಫ್ರೌನ್‌ಹೋಫರ್ ಎಂಬ ಹೆಸರು ತೀರ ಅಪರಿಚಿತವಾದುದಲ್ಲ. ಸೂರ್ಯನ ರೋಹಿತದಲ್ಲಿ ಕಾಣುವ ಕಪ್ಪು ಗೆರೆಗಳಿಗೆ ಆ ಹೆಸರು ಅಂಟಿಕೊಂಡಿದೆ. ಪರೀಕ್ಷೆಯ ಪ್ರಶ್ನೆಯೊಂದಕ್ಕೆ ಅದು ಉತ್ತರವಾಗುತ್ತದೆ. ಪರೀಕ್ಷೆ ಮುಗಿದ ಬಳಿಕ ಗೆರೆಗಳೂ ಹೆಸರೂ ಒಟ್ಟಿಗೇ ಮರೆವಿಗೆ ಸಲ್ಲುತ್ತವೆ. ಬಹುಕಾಲ ಕಾಲೇಜಿನಲ್ಲಿ ಬೆಳಕಿನ ಪಾಠ ಹೇಳಿದ ನನಗಾದರೋ ಆ ಗೆರೆಗಳಷ್ಟೇ ಅವುಗಳನ್ನು ಕಂಡ ಮನುಷ್ಯನ ಬಾಳೂ ಸ್ವಾರಸ್ಯವಾಗಿ ತೋರಿದೆ. ಶಾಲೆಯ ಮೆಟ್ಟಿಲನ್ನು ಸರಿಯಾಗಿ ಹತ್ತದ ಒಬ್ಬ ಕಸುಬುದಾರ, ಮೂವತ್ತೊಂಬತ್ತು ವರ್ಷ ಮಾತ್ರ ಬದುಕಿದವನು, ನಕ್ಷತ್ರಗಳ ಮೈಯ ಧಾತುಗಳನ್ನು ತಿಳಿಯುವ ದಾರಿಯನ್ನು ಮನುಷ್ಯಕುಲಕ್ಕೆ ಹೇಗೆ ತೆರೆದುಕೊಟ್ಟ ಎಂಬುದು ಯೋಚಿಸಬೇಕಾದ ಸಂಗತಿ. ಅವನು ಹುಡುಕಿ ಹೊರಟದ್ದು ನಕ್ಷತ್ರಗಳನ್ನಲ್ಲ, ಒಳ್ಳೆಯ ಗಾಜನ್ನು. ಬೆಳಕು ತನ್ನ ಮೂಲಕ ಹಾದುಹೋಗುವಾಗ ಅದಕ್ಕೆ ಯಾವ ತೊಡಕನ್ನೂ ಒಡ್ಡದ ಗಾಜು ಅವನಿಗೆ ಬೇಕಾಗಿತ್ತು.

ಜೋಸೆಫ್ ಫ್ರೌನ್‌ಹೋಫರ್ ಹುಟ್ಟಿದ್ದು 1787ನೆಯ ಇಸವಿ ಮಾರ್ಚ್ 6ರಂದು, ಬವೇರಿಯ ದೇಶದ ಸ್ಟ್ರೌಬಿಂಗ್ ಎಂಬ ಊರಿನಲ್ಲಿ. ತಂದೆ ಕಿಟಕಿಗಳಿಗೆ ಗಾಜು ಕೂಡಿಸುವ ಕಸುಬಿನವನು. ಹನ್ನೊಂದು ಮಕ್ಕಳಲ್ಲಿ ಇವನೇ ಕಡೆಯವನು. ಮನೆಯಲ್ಲಿ ಗಾಜಿನ ಚೂರುಗಳಿಗೆ ಕೊರತೆಯಿರಲಿಲ್ಲ, ಉಳಿದುದಕ್ಕೆಲ್ಲ ಇತ್ತು. ಹುಡುಗನಿಗೆ ಹತ್ತು ವರ್ಷ ತುಂಬಿದಾಗ ತಾಯಿ ತೀರಿಕೊಂಡಳು; ಮರುವರ್ಷವೇ ತಂದೆಯೂ ಹೋದನು. ಅನಾಥನಾದ ಹುಡುಗನನ್ನು ಪೋಷಕರು 1799ರಲ್ಲಿ ಮ್ಯೂನಿಕ್ ನಗರದ ವೈಕ್ಸೆಲ್‌ಬರ್ಗರ್ ಎಂಬ ಕನ್ನಡಿಗಾರನ ಬಳಿ ಕಸುಬು ಕಲಿಯಲು ಬಿಟ್ಟರು. ಆರು ವರ್ಷದ ಕರಾರು, ಸಂಬಳವಿಲ್ಲ. ಕಲಿಕೆಯ ಶುಲ್ಕ ಕೊಡಲಾರದ ಹುಡುಗ ತನ್ನ ದುಡಿಮೆಯಿಂದಲೇ ಅದನ್ನು ತೀರಿಸಬೇಕಾಗಿತ್ತು.

ಆ ಒಡೆಯನಿಗೆ ಹುಡುಗನ ಓದು ಹಿಡಿಸದು. ಕೆಲಸದ ಹುಡುಗರಿಗೆಂದು ನಡೆಯುತ್ತಿದ್ದ ಭಾನುವಾರದ ಶಾಲೆಗೆ ಹೋಗಲೂ ಅವನು ಅಡ್ಡಿಪಡಿಸಿದನೆಂದು ಚರಿತ್ರಕಾರರು ಹೇಳುತ್ತಾರೆ. ನಮ್ಮ ನಾಡಿನ ಅಂಗಡಿ ಕಾರ್ಖಾನೆಗಳಲ್ಲಿ ದುಡಿದು ಬೆಳೆದ ಹುಡುಗರನ್ನು ಕಂಡವರಿಗೆ ಈ ಚಿತ್ರ ಹೊಸದಲ್ಲ. ಹಗಲೆಲ್ಲ ದುಡಿಮೆ, ರಾತ್ರಿ ದೀಪವಿಲ್ಲದ ಕೋಣೆ, ಓದಬೇಕೆಂಬ ಹಂಬಲವನ್ನು ಯಾರಿಗೂ ಹೇಳಿಕೊಳ್ಳಲಾಗದ ಮೌನ. ಇಂಥ ಬಾಳು ಸಾವಿರಾರು ಮಕ್ಕಳದಾಗಿತ್ತು. ಅವರಲ್ಲಿ ಒಬ್ಬನ ಹೆಸರು ಮಾತ್ರ ನಮ್ಮವರೆಗೆ ಬಂದಿದೆ, ಅದೂ ಒಂದು ದುರಂತದ ದೆಸೆಯಿಂದ.

1801ನೆಯ ಇಸವಿ ಜುಲೈ 21ರಂದು ಒಡೆಯನ ಮನೆ ಕುಸಿದುಬಿದ್ದಿತು. ಮನೆಯೊಡತಿ ಅಲ್ಲೇ ಅಸುನೀಗಿದಳು. ಹದಿನಾಲ್ಕರ ಹುಡುಗ ತೊಲೆಗಳ ನಡುವಣ ಸಂದಿಯಲ್ಲಿ ಸಿಕ್ಕಿಕೊಂಡು ಗಂಟೆಗಳ ಕಾಲ ಜೀವ ಹಿಡಿದಿದ್ದನು. ಮಣ್ಣು ಕಲ್ಲುಗಳನ್ನು ಸರಿಸಿ ಅವನನ್ನು ಹೊರಕ್ಕೆ ತೆಗೆಯುವ ವೇಳೆಗೆ ಊರೇ ನೆರೆದಿತ್ತು. ನಾಡಿನ ದೊರೆ ಮ್ಯಾಕ್ಸಿಮಿಲಿಯನ್ ಜೋಸೆಫನೂ ಸ್ಥಳಕ್ಕೆ ಬಂದಿದ್ದನು. ಬದುಕಿ ಬಂದ ಬಾಲಕನನ್ನು ಕಂಡು ದೊರೆಯ ಮನ ಕರಗಿತು. ಅವನು ಹದಿನೆಂಟು ಡುಕಟ್ ನಾಣ್ಯಗಳನ್ನು ಹುಡುಗನಿಗೆ ಕೊಡಿಸಿದನು. ದೊರೆಯ ಪರಿವಾರಕ್ಕೆ ಪರಿಚಿತನಾದ ಉಟ್‌ಶ್ನೈಡರ್ ಎಂಬ ರಾಜಕಾರಣಿ, ಉದ್ಯಮಿ, ಹುಡುಗನ ಮೇಲೆ ಕಣ್ಣಿಟ್ಟು, ಗಣಿತದ ಮತ್ತು ಬೆಳಕಿನ ಶಾಸ್ತ್ರದ ಪುಸ್ತಕಗಳನ್ನು ತಂದುಕೊಟ್ಟನು.

ದಾನ ಕೊಡುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ದಾನವನ್ನು ಹೇಗೆ ಬಳಸಬೇಕೆಂದು ಬಲ್ಲ ಹುಡುಗರು ಅಪರೂಪ. ಫ್ರೌನ್‌ಹೋಫರ್ ಆ ಹಣದ ಒಂದು ಭಾಗದಿಂದ ಗಾಜು ಉಜ್ಜುವ ಯಂತ್ರವನ್ನು ಕೊಂಡನು. ಇನ್ನೊಂದು ಭಾಗದಿಂದ ಒಡೆಯನ ಕರಾರಿನಿಂದ ಬಿಡುಗಡೆ ಪಡೆದನು. ಹಾಗೆಂದು ದಾರಿ ಸುಗಮವಾಗಲಿಲ್ಲ. ಭೇಟಿ ಚೀಟಿಗಳನ್ನು ಕೆತ್ತಿ ಅಚ್ಚುಹಾಕುವ ಕೆಲಸವನ್ನು ಕೈಗೊಂಡನು, ಅದು ನಡೆಯಲಿಲ್ಲ. ಮತ್ತೆ ಕೂಲಿಯ ಕೆಲಸಕ್ಕೆ ಮರಳಬೇಕಾಯಿತು. 1806ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಉಟ್‌ಶ್ನೈಡರನೂ ರೈಖೆನ್‌ಬಾಖ್ ಎಂಬ ಯಂತ್ರಶಿಲ್ಪಿಯೂ ಸೇರಿ ನಡೆಸುತ್ತಿದ್ದ ಅಳತೆಯ ಉಪಕರಣಗಳ ಕಾರ್ಖಾನೆ ಅವನನ್ನು ಸೇರಿಸಿಕೊಂಡಿತು. ಅಲ್ಲಿಂದ ಮುಂದೆ ಅವನ ಬಾಳು ಗಾಜಿನ ಬಾಳು.

ಆಲ್ಪ್ಸ್ ಪರ್ವತಗಳ ತಪ್ಪಲಿನಲ್ಲಿ ಬೆನೆಡಿಕ್ಟ್‌ಬೊಯರ್ನ್ ಎಂಬ ಹಳೆಯ ಕ್ರೈಸ್ತ ಮಠವಿದೆ. 1803ರಲ್ಲಿ ಸರಕಾರ ಮಠದ ಆಸ್ತಿಯನ್ನು ವಶಪಡಿಸಿಕೊಂಡ ಬಳಿಕ ಉಟ್‌ಶ್ನೈಡರ್ ಅದನ್ನು ಕೊಂಡು ಅಲ್ಲಿ ಗಾಜಿನ ಕುಲುಮೆಯನ್ನು ಹೂಡಿದನು. ಗಾಜು ಕಾಯಿಸುವುದರಲ್ಲಿ ನಿಷ್ಣಾತನಾದ ಗಿನಾನ್ ಎಂಬ ಸ್ವಿಸ್ ಮುದುಕನನ್ನು ಕರೆತಂದನು. ಆ ಕಾಲದಲ್ಲಿ ದೂರದರ್ಶಕಕ್ಕೆ ತಕ್ಕ ದೊಡ್ಡ ಗಾಜನ್ನು ಮಾಡುವುದು ಬಹು ಕಷ್ಟವಾಗಿತ್ತು. ಪಾನಕದ ನೀರಿನಲ್ಲಿ ಬೆಲ್ಲ ಕರಗುತ್ತಿರುವಾಗ ನೋಡಿ: ನೀರು ತಿಳಿಯಾಗಿದ್ದರೂ ಒಳಗೆ ಎಳೆಎಳೆಯಾಗಿ ಏನೋ ಅಲುಗುತ್ತದೆ, ಅದರಾಚೆಯ ವಸ್ತು ನಡುಗಿದಂತೆ ಕಾಣುತ್ತದೆ. ಕರಗಿದ ಗಾಜಿನಲ್ಲಿಯೂ ಹೀಗೆಯೇ ಸಾಂದ್ರತೆ ಬೇರೆಬೇರೆಯಾದ ಎಳೆಗಳು ಉಳಿದು, ಗಾಜು ಆರಿದಾಗ ಅದರೊಳಗೇ ಹೆಪ್ಪುಗಟ್ಟುತ್ತವೆ. ಸೀಸ ಬೆರೆಸಿದ ಫ್ಲಿಂಟ್ ಗಾಜಿನಲ್ಲಂತೂ ಭಾರವಾದ ಅಂಶ ತಳಕ್ಕಿಳಿಯುವುದರಿಂದ ಈ ದೋಷ ಇನ್ನೂ ಹೆಚ್ಚು. ಬೆಂಕಿಯನ್ನು ತಾಳಬಲ್ಲ ಜೇಡಿಮಣ್ಣಿನ ಕೋಲಿನಿಂದ ಕರಗಿದ ಗಾಜನ್ನು ಕಲಕುತ್ತಿದ್ದರೆ ಎಳೆಗಳು ಕೂಡಿಹೋಗುತ್ತವೆ ಎಂಬುದು ಗಿನಾನನ ಶೋಧ. ಅಡುಗೆಮನೆಯ ಸೌಟಿನಷ್ಟು ಸರಳವಾದ ಈ ಉಪಾಯ ಯೂರೋಪಿನ ಗಾಜುಗಾರರಿಗೆ ಅದುವರೆಗೆ ಹೊಳೆದಿರಲಿಲ್ಲ.

1809ರ ಹೊತ್ತಿಗೆ ಫ್ರೌನ್‌ಹೋಫರ್ ಮಸೂರಗಳ ವಿಭಾಗದ ಹೊಣೆ ಹೊತ್ತಿದ್ದನು. 1811ರಿಂದ ಕುಲುಮೆಯ ಕೆಲಸಕ್ಕೂ ಕೈಹಾಕಿದನು. ಮುದುಕನ ಕೈಚಳಕಕ್ಕೆ ತರುಣನ ಗಣಿತ ಸೇರಿತು. ಇಬ್ಬರ ಸ್ವಭಾವ ಹೊಂದಲಿಲ್ಲವೆಂಬುದು ನಿಜ. 1814ರಲ್ಲಿ ಗಿನಾನ್ ತನ್ನ ಊರಿಗೆ ಮರಳಿದನು. ಅಲ್ಲಿಯವರೆಗೆ ಗಾಜು ಚೆನ್ನಾಗಿದೆಯೇ ಇಲ್ಲವೇ ಎಂಬುದನ್ನು ಅನುಭವದ ಕಣ್ಣು ಹೇಳುತ್ತಿತ್ತು. ಫ್ರೌನ್‌ಹೋಫರ್ ಕಣ್ಣಿನ ಜಾಗದಲ್ಲಿ ಅಳತೆಯನ್ನು ತಂದು ನಿಲ್ಲಿಸಿದನು. ಉಜ್ಜಿದ ಮಸೂರದ ಮೈಯನ್ನು ಮಾದರಿಯ ಗಾಜಿನ ಮೇಲಿಟ್ಟು, ನಡುವೆ ಮೂಡುವ ಬಣ್ಣದ ಉಂಗುರಗಳನ್ನು ನೋಡಿ, ಕಣ್ಣಿಗೆ ನಿಲುಕದಷ್ಟು ಸಣ್ಣ ತಗ್ಗುದಿಣ್ಣೆಯನ್ನು ಗುರುತಿಸುವ ಪದ್ಧತಿಯನ್ನು ತನ್ನ ಕೆಲಸಗಾರರಲ್ಲಿ ರೂಢಿಗೆ ತಂದನು.

ಇಲ್ಲಿಂದ ಮುಂದೆ ಅವನನ್ನು ಕಾಡಿದ ಸಮಸ್ಯೆ ಬಣ್ಣದ್ದು. ಒಂದೇ ಮಸೂರವುಳ್ಳ ದೂರದರ್ಶಕದಲ್ಲಿ ಚಿತ್ರದ ಅಂಚಿಗೆ ಬಣ್ಣದ ಜಾಲರಿ ಕಟ್ಟಿಕೊಳ್ಳುತ್ತದೆ; ಕೆಂಪು ಒಂದು ಕಡೆ ಕೂಡಿದರೆ ನೀಲಿ ಇನ್ನೊಂದು ಕಡೆ ಕೂಡುತ್ತದೆ. ಕ್ರೌನ್ ಗಾಜಿನ ಮಸೂರಕ್ಕೆ ಫ್ಲಿಂಟ್ ಗಾಜಿನ ಮಸೂರವನ್ನು ಜೋಡಿಸಿದರೆ ಒಂದರ ದೋಷವನ್ನು ಇನ್ನೊಂದು ಬಹುಮಟ್ಟಿಗೆ ಕಳೆಯುತ್ತದೆ. ಆದರೆ ಎಷ್ಟು ಬಾಗಿದ ಮಸೂರಕ್ಕೆ ಎಷ್ಟು ಬಾಗಿದ ಮಸೂರ? ಒಂದೊಂದು ಗಾಜು ಒಂದೊಂದು ಬಣ್ಣವನ್ನು ಎಷ್ಟು ಬಾಗಿಸುತ್ತದೆಂಬುದನ್ನು ಕರಾರುವಾಕ್ಕಾಗಿ ಅಳೆದ ಹೊರತು ಈ ಲೆಕ್ಕ ಸಾಗದು. ಅಳೆಯುವುದಾದರೂ ಎಲ್ಲಿ? ಮುಮ್ಮೂಲೆಯ ಗಾಜಿನಿಂದ, ಎಂದರೆ ಅಶ್ರಗದಿಂದ, ಹೊರಬಿದ್ದ ರೋಹಿತದಲ್ಲಿ ಕೆಂಪು ಎಲ್ಲಿ ಮುಗಿದು ಕಿತ್ತಳೆ ಎಲ್ಲಿ ಮೊದಲಾಯಿತೆಂದು ಯಾರು ಹೇಳಬಲ್ಲರು? ಮೇರೆಗಳಿಲ್ಲದ ಹೊಲವನ್ನು ಅಳೆಯುವ ಶಾನುಭೋಗನ ಪಾಡು ಅವನದಾಯಿತು.

ಮೊದಲು ಅವನು ಆಶ್ರಯಿಸಿದ್ದು ಬಣ್ಣದ ಗಾಜನ್ನೇ, ನಾವು ಇಂದು ಫಿಲ್ಟರ್ ಎಂದು ಕರೆಯುವುದನ್ನೇ. ಒಂದು ಬಣ್ಣವನ್ನು ಮಾತ್ರ ಒಳಬಿಟ್ಟು ಉಳಿದುದನ್ನು ತಡೆಯುವ ಗಾಜು ದೊರೆತರೆ ಕೆಲಸ ಸುಲಭ. ಆದರೆ ಅವನು ಪರೀಕ್ಷಿಸಿದ ಬಣ್ಣದ ಗಾಜೂ ಬಣ್ಣದ ದ್ರವವೂ ಶುದ್ಧವಾದ ಒಂದೇ ಬಣ್ಣವನ್ನು ಕೊಡಲಿಲ್ಲ. ಕೆಂಪಾಗಿ ಕಂಡ ಬೆಳಕೂ ಅಶ್ರಗದಲ್ಲಿ ಹಾದಾಗ ಅಗಲವಾದ ಪಟ್ಟಿಯಾಗಿ ಹರಡಿಕೊಂಡಿತು. ದೀಪದ ಜ್ವಾಲೆಯನ್ನು ಪರೀಕ್ಷಿಸುವಾಗ ಮಾತ್ರ ಕಿತ್ತಳೆಗೂ ಹಳದಿಗೂ ನಡುವೆ ಒಂದು ತೀಕ್ಷ್ಣವಾದ ಉಜ್ಜ್ವಲ ಗೆರೆ ಕಂಡಿತು. ಹೊಲಕ್ಕೆ ಒಂದು ಗಡಿಕಲ್ಲು ಸಿಕ್ಕಂತಾಯಿತು. ಸೂರ್ಯನ ಬೆಳಕಿನಲ್ಲಿಯೂ ಇದೇ ಗೆರೆ ಇರಬಹುದೇ ಎಂದು ನೋಡಲು 1814ರಲ್ಲಿ ಕತ್ತಲೆ ಕೋಣೆಯ ಕಿಟಕಿಯ ಬಾಗಿಲಿನಲ್ಲಿ ಸೀಳೊಂದನ್ನು ಮಾಡಿ, ಕೋನ ಅಳೆಯುವ ಥಿಯೊಡೊಲೈಟಿನ ದೂರದರ್ಶಕದ ಮುಂದೆ ತನ್ನ ಅತ್ಯುತ್ತಮ ಗಾಜಿನ ಅಶ್ರಗವನ್ನಿಟ್ಟು ನೋಡಿದನು.

ಉಜ್ಜ್ವಲ ಗೆರೆ ಅಲ್ಲಿರಲಿಲ್ಲ. ಬಣ್ಣಗಳ ಪಟ್ಟಿಯ ಉದ್ದಕ್ಕೂ ಅಸಂಖ್ಯವಾದ ಕಪ್ಪು ಗೆರೆಗಳಿದ್ದವು. ದೀಪದ ಹೊಳೆವ ಗೆರೆಯಿದ್ದ ಜಾಗದಲ್ಲಿಯೇ ಸೂರ್ಯನಲ್ಲಿ ಕಪ್ಪು ಗೆರೆಯಿತ್ತು. ಇಂಗ್ಲೆಂಡಿನ ವುಲಸ್ಟನ್ 1802ರಲ್ಲಿಯೇ ಇಂಥ ಕೆಲವು ಗೆರೆಗಳನ್ನು ಕಂಡು, ಅವುಗಳಲ್ಲಿ ಹೆಚ್ಚಿನವು ಬಣ್ಣಬಣ್ಣಗಳ ನಡುವಣ ಸಹಜವಾದ ಮೇರೆಗಳೆಂದು ಭಾವಿಸಿ ಅಷ್ಟಕ್ಕೇ ಬಿಟ್ಟಿದ್ದನು. ಫ್ರೌನ್‌ಹೋಫರ್ ಬಿಡಲಿಲ್ಲ. ಸೀಳನ್ನು ಬದಲಾಯಿಸಿದನು, ಗಾಜನ್ನು ಬದಲಾಯಿಸಿದನು, ದೂರವನ್ನು ಬದಲಾಯಿಸಿದನು. ಗೆರೆಗಳು ತಮ್ಮ ಬಣ್ಣದ ಜಾಗವನ್ನು ಬಿಟ್ಟು ಕದಲಲಿಲ್ಲ. ಹಾಗಾದರೆ ಅವು ಉಪಕರಣದ ದೋಷವಲ್ಲ, ಸೂರ್ಯನ ಬೆಳಕಿನದೇ ಗುಣ. ಐನೂರಕ್ಕೂ ಹೆಚ್ಚು ಗೆರೆಗಳನ್ನು ಅವನು ಎಣಿಸಿದನು. ಮುಖ್ಯವಾದವಕ್ಕೆ ಕೆಂಪು ತುದಿಯಿಂದ ಎ, ಬಿ, ಸಿ, ಡಿ ಎಂದು ಅಕ್ಷರಗಳ ಹೆಸರಿಟ್ಟನು. ಶುಕ್ರಗ್ರಹದ ಬೆಳಕಿನಲ್ಲಿ ಸೂರ್ಯನ ಗೆರೆಗಳೇ ಕಂಡವು; ಲುಬ್ಧಕ ನಕ್ಷತ್ರದ ಗೆರೆಗಳು ಬೇರೆಯಾಗಿದ್ದವು. ಈ ಗೆರೆಗಳ ಕಾರಣವೇನೆಂಬ ಗೊಡವೆಗೆ ಅವನು ಹೆಚ್ಚು ಹೋಗಲಿಲ್ಲ. ಅವನಿಗೆ ಬೇಕಾದ ಗಡಿಕಲ್ಲುಗಳು ಸಿಕ್ಕಿದ್ದವು. ಇನ್ನು ಯಾವ ಗಾಜನ್ನಾದರೂ ಡಿ ಗೆರೆಗೆ ಇಷ್ಟು, ಎಫ್ ಗೆರೆಗೆ ಇಷ್ಟು ಎಂದು ಅಳೆಯಬಹುದು. ಇಂದಿಗೂ ಮಸೂರ ತಯಾರಿಸುವವರ ಗಾಜಿನ ಪಟ್ಟಿಗಳಲ್ಲಿ ಅವನು ಹಾಕಿಕೊಟ್ಟ ಅಕ್ಷರಗಳ ಮೇಲ್ಪಂಕ್ತಿ ಉಳಿದಿದೆ.

ಕಥೆಯನ್ನು ಇಲ್ಲಿ ಒಂದು ಗಳಿಗೆ ನಿಲ್ಲಿಸಿ, ನಮ್ಮ ಕಾಲದ ಒಂದು ಮಾತಿಗೆ ಹೊರಳಲು ಓದುಗರ ಅನುಮತಿಯನ್ನು ಬೇಡುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಹಕ್ಕಿಗಳ ಚಿತ್ರ ತೆಗೆಯುವ ಹವ್ಯಾಸವುಂಟು. ಈಚೆಗೆ ಅವರು ರಂಗನತಿಟ್ಟಿನಲ್ಲಿ ತೆಗೆದ ಎರಡು ಚಿತ್ರಗಳನ್ನು ತಂದು ತೋರಿಸಿದರು. ಎರಡೂ ಒಂದೇ ಕೊಕ್ಕರೆಯವು. 600 ಮಿಲಿಮೀಟರ್ ಸಂಗಮದೂರದ ಟೆಲಿಫೋಟೋ ಮಸೂರದಿಂದ, ಕೆಲವೇ ಕ್ಷಣಗಳ ಅಂತರದಲ್ಲಿ ತೆಗೆದವು. ಒಂದರಲ್ಲಿ ರೆಕ್ಕೆಯ ಒಂದೊಂದು ಎಳೆಯೂ ಬಿಡಿಬಿಡಿಯಾಗಿತ್ತು. ಇನ್ನೊಂದು ಮಂಜು ಕವಿದಂತಿತ್ತು. ಎರಡನೆಯದನ್ನು ತೆಗೆಯುವಾಗ ಮಸೂರದ ಮುಂದೆ, ಧೂಳಿನಿಂದ ರಕ್ಷಣೆಗೆಂದು ಕೊಂಡ ಅಗ್ಗದ ಫಿಲ್ಟರ್ ಇತ್ತಂತೆ. ಅದೇ ಫಿಲ್ಟರನ್ನು ಹಾಕಿ ಮಾಮೂಲು ಮಸೂರದಿಂದ ತೆಗೆದ ಚಿತ್ರಗಳಲ್ಲಿ ಯಾವ ಕುಂದೂ ಇರಲಿಲ್ಲ. ಬಣ್ಣವೇ ಇಲ್ಲದ, ಬರಿಯ ಕಿಟಕಿಯಂಥ ಗಾಜು ಉದ್ದ ಮಸೂರಕ್ಕೆ ಮಾತ್ರ ಏಕೆ ಹಗೆಯಾಯಿತೆಂದು ಅವರು ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕುವಾಗಲೇ ನನಗೆ ಬೆನೆಡಿಕ್ಟ್‌ಬೊಯರ್ನಿನ ಕುಲುಮೆ ನೆನಪಾದದ್ದು.

ಗಾಜಿನ ಎರಡು ಮೈಗಳೂ ಸಂಪೂರ್ಣ ಸಮತಲವಾಗಿದ್ದು ಒಂದಕ್ಕೊಂದು ಸಮಾನಾಂತರವಾಗಿದ್ದರೆ, ಬಹುದೂರದಿಂದ ಬರುವ ಬೆಳಕಿಗೆ ಅದು ಇದ್ದೂ ಇಲ್ಲದಂತೆ. ಆದರೆ ಗಾಜು ಅಷ್ಟು ಸುಲಭವಾಗಿ ಸಮತಲವಾಗುವುದಿಲ್ಲ. 95 ಮಿಲಿಮೀಟರ್ ಅಗಲದ ಫಿಲ್ಟರಿನ ದಪ್ಪ ನಡುವಿನಿಂದ ಅಂಚಿಗೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗದಷ್ಟು ಬೇರೆಯಾದರೆ, ಎಂದರೆ ತಲೆಗೂದಲಿನ ದಪ್ಪದಲ್ಲಿ ಮೂವತ್ತರಲ್ಲೊಂದು ಪಾಲಿನಷ್ಟು ವ್ಯತ್ಯಾಸವಾದರೆ, ಅದು ಸುಮಾರು ಒಂದು ಕಿಲೋಮೀಟರ್ ಸಂಗಮದೂರವುಳ್ಳ ಅತಿ ದುರ್ಬಲವಾದ ಮಸೂರವೇ ಆಗಿಬಿಡುತ್ತದೆ. ಇಂಥ ದುರ್ಬಲ ಮಸೂರವನ್ನು ಮುಂದಿಟ್ಟರೆ ಚಿತ್ರ ಕೂಡುವ ಜಾಗ ಎಷ್ಟು ಸರಿಯುತ್ತದೆ? ಕ್ಯಾಮೆರಾ ಮಸೂರದ ಸಂಗಮದೂರದ ವರ್ಗವನ್ನು ಆ ಒಂದು ಕಿಲೋಮೀಟರಿನಿಂದ ಭಾಗಿಸಿದರೆ ಉತ್ತರ ಬರುತ್ತದೆ. 50 ಮಿಲಿಮೀಟರಿನ ಮಸೂರದಲ್ಲಿ ಅದು 0.0025 ಮಿಲಿಮೀಟರ್, ಗಣನೆಗೇ ಬಾರದು. 600 ಮಿಲಿಮೀಟರಿನ ಮಸೂರದಲ್ಲಿ 0.36 ಮಿಲಿಮೀಟರ್. ಸಂಗಮದೂರ ಹನ್ನೆರಡು ಪಟ್ಟು ಬೆಳೆದರೆ ದೋಷ ನೂರನಲವತ್ತನಾಲ್ಕು ಪಟ್ಟು ಬೆಳೆಯುತ್ತದೆ.

ಬರಿಯ ಜಾಗ ಸರಿದರೆ ಮಸೂರವನ್ನು ಹಿಂದುಮುಂದು ಮಾಡಿ ಸರಿಪಡಿಸಬಹುದು. ಆದರೆ ಗಾಜು ಒಂದು ದಿಕ್ಕಿಗೆ ಒಂದು ಬಗೆಯಾಗಿ, ಅಡ್ಡದಿಕ್ಕಿಗೆ ಇನ್ನೊಂದು ಬಗೆಯಾಗಿ ಬಾಗಿದ್ದರೆ ಎರಡು ದಿಕ್ಕಿನ ಗೆರೆಗಳೂ ಒಂದೇ ಜಾಗದಲ್ಲಿ ಕೂಡುವುದೇ ಇಲ್ಲ. ಯಾವ ತಿರುಪೂ ಅದನ್ನು ಸರಿಮಾಡಲಾರದು. ಜೊತೆಗೆ, ಬರಿಯ ಗಾಜಿನ ಪ್ರತಿಯೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ ನಾಲ್ಕು ಪಾಲನ್ನು ಹಿಂದಕ್ಕೆ ಚೆಲ್ಲುತ್ತದೆ. ಎದುರಿನ ಬಿಸಿಲು ನೇರವಾಗಿ ಬಿದ್ದರೆ ಈ ಚೆಲ್ಲಿದ ಬೆಳಕು ಚಿತ್ರದ ಕಪ್ಪನ್ನು ಬೂದಿಯಾಗಿಸುತ್ತದೆ. ಒಳ್ಳೆಯ ಫಿಲ್ಟರುಗಳಿಗೆ ತೆಳುವಾದ ಲೇಪನವನ್ನು ಕೊಟ್ಟು ಈ ನಷ್ಟವನ್ನು ಬಹಳ ಮಟ್ಟಿಗೆ ಇಳಿಸಿರುತ್ತಾರೆ. ಆಮ್ಲ ತಾಗಿದ ಗಾಜಿನ ಮೈ ಕಡಮೆ ಪ್ರತಿಫಲಿಸುತ್ತದೆಂಬುದನ್ನು ಫ್ರೌನ್‌ಹೋಫರನೇ 1817ರ ಸುಮಾರಿಗೆ ಗಮನಿಸಿದ್ದನು. ಅದು ಲೇಪನದ ಶಾಸ್ತ್ರವಾಗಿ ಬೆಳೆಯಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಅತಿ ದೊಡ್ಡ ಟೆಲಿಫೋಟೋ ಮಸೂರಗಳನ್ನು ಮಾಡುವವರು ಅನೇಕ ವೇಳೆ ಫಿಲ್ಟರನ್ನು ಮುಂದೆ ಇಡದೆ, ಕೊಳವೆಯ ಹಿಂಭಾಗದಲ್ಲಿ, ಬೆಳಕಿನ ಕಂತೆ ಕಿರಿದಾಗುವ ಕಡೆ, ಸಣ್ಣದೊಂದು ಗೂಡಿನಲ್ಲಿ ಇಡುತ್ತಾರೆ. ಸಣ್ಣ ಗಾಜನ್ನು ಸಮತಲ ಮಾಡುವುದು ಸುಲಭ. ಅಲ್ಲಿ ಅದರ ದೋಷ ಅಷ್ಟಾಗಿ ಹಿಗ್ಗುವುದೂ ಇಲ್ಲ. ಆ ಗಾಜನ್ನೂ ಮಸೂರದ ಲೆಕ್ಕದಲ್ಲಿ ಸೇರಿಸಿಕೊಂಡೇ ಉಳಿದುದನ್ನು ರಚಿಸಿರುತ್ತಾರೆ. ಆದುದರಿಂದ ಬಣ್ಣದ ಫಿಲ್ಟರ್ ಬೇಡವಾದಾಗಲೂ ಅದೇ ದಪ್ಪದ ಬಿಳಿಯ ಗಾಜು ಅಲ್ಲಿರಬೇಕು. ಇನ್ನು ದೂರದ ಹಕ್ಕಿಯ ಚಿತ್ರ ಮಸುಕಾದಾಗಲೆಲ್ಲ ಗಾಜನ್ನೇ ದೂರುವುದೂ ನ್ಯಾಯವಲ್ಲ. ನಡುಹಗಲಿನ ಬಿಸಿಗೆ ನೀರ ಮೇಲಣ ಗಾಳಿ ನಡುಗುವುದೂ ಕೈ ಅಲುಗುವುದೂ ಅದೇ ಮಸುಕನ್ನು ತರಬಲ್ಲವು. ನನ್ನ ವಿದ್ಯಾರ್ಥಿಯಂತೆ, ಗಾಜನ್ನು ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಡಿದವನು ಮಾತ್ರ ಕಾರಣವನ್ನು ಹೇಳಬಲ್ಲನು. ಫ್ರೌನ್‌ಹೋಫರ್ ಸೀಳನ್ನೂ ಅಶ್ರಗವನ್ನೂ ಬದಲಾಯಿಸಿ ಬದಲಾಯಿಸಿ ನೋಡಿದ್ದೂ ಇದೇ ವಿವೇಕದಿಂದ.

ಈಗ ಅದೇ ಲೆಕ್ಕವನ್ನು ಅವನ ಮೇರುಕೃತಿಗೆ ಅನ್ವಯಿಸಿ ನೋಡೋಣ. 1819ರಲ್ಲಿ ಕಾರ್ಖಾನೆಯ ಮಸೂರ ವಿಭಾಗ ಮ್ಯೂನಿಕ್‌ಗೆ ಬಂದಿತು. ಅಲ್ಲಿ ಅವನು ರಷ್ಯದ ಚಕ್ರಾಧಿಪತ್ಯಕ್ಕೆ ಸೇರಿದ್ದ ಡೋರ್ಪಾಟ್ ನಗರದ ವೀಕ್ಷಣಾಲಯಕ್ಕಾಗಿ ಒಂದು ದೂರದರ್ಶಕವನ್ನು ರಚಿಸಿದನು. ಆ ನಗರ ಇಂದು ಎಸ್ಟೋನಿಯದ ಟಾರ್ಟು. ಮಸೂರದ ಅಗಲ ಸುಮಾರು 24 ಸೆಂಟಿಮೀಟರ್. ಸಂಗಮದೂರ ನಾಲ್ಕು ಮೀಟರಿಗೂ ಮೀರಿದುದು. ರಂಗನತಿಟ್ಟಿನ ಆ ಅಗ್ಗದ ಗಾಜಿನಷ್ಟು ದುರ್ಬಲವಾದ ಬಾಗು ಇಲ್ಲಿ ಲೆಕ್ಕಕ್ಕೆ ಸಿಗದೆ ಉಳಿದಿದ್ದರೂ ಚಿತ್ರ ಕೂಡುವ ಜಾಗ 16 ಮಿಲಿಮೀಟರಿಗಿಂತ ಹೆಚ್ಚು ಸರಿಯುತ್ತಿತ್ತು. ಆ ಬಾಗು ದಿಕ್ಕಿನಿಂದ ದಿಕ್ಕಿಗೆ ಬೇರೆಯಾಗಿದ್ದರೆ ನಕ್ಷತ್ರಗಳೆಲ್ಲ ಕಲೆಗಳಾಗಿ ಬಿಡುತ್ತಿದ್ದವು. ಅಂಥ ಗಾಜನ್ನು ಮನುಷ್ಯನ ಕೈ, ವಿದ್ಯುತ್ತಿಲ್ಲದ ಕಾಲದಲ್ಲಿ, ಕಟ್ಟಿಗೆಯ ಕುಲುಮೆಯಿಂದ ತೆಗೆದು ಉಜ್ಜಿತು. ಗಡಿಯಾರದ ಯಂತ್ರವೊಂದು ದೂರದರ್ಶಕವನ್ನು ಆಕಾಶದ ತಿರುಗುವಿಕೆಗೆ ಸರಿಯಾಗಿ ಮೆಲ್ಲನೆ ತಿರುಗಿಸುತ್ತಿತ್ತು. 1824ರಲ್ಲಿ ಪೆಟ್ಟಿಗೆಗಳು ಡೋರ್ಪಾಟ್ ಸೇರಿದವು. ಖಗೋಳಜ್ಞ ಸ್ಟ್ರೂವೆ ಅದರಿಂದ ಲಕ್ಷಕ್ಕೂ ಮಿಕ್ಕಿದ ನಕ್ಷತ್ರಗಳನ್ನು ಶೋಧಿಸಿ, 1827ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜೋಡಿ ನಕ್ಷತ್ರಗಳ ಪಟ್ಟಿಯನ್ನು ಪ್ರಕಟಿಸಿದನು. ಒಂದೆಂದು ಕಾಣುತ್ತಿದ್ದ ಚುಕ್ಕೆ ಎರಡೆಂದು ಬಿಡಿಸಿ ತೋರಿಸಬೇಕಾದರೆ ಗಾಜು ಎಷ್ಟು ನಿರ್ಮಲವಾಗಿರಬೇಕೆಂಬುದನ್ನು ಓದುಗರೇ ಊಹಿಸಬಹುದು.

ಇದೇ ವರ್ಷಗಳಲ್ಲಿ ಅವನು ಬೆಳಕಿನ ಇನ್ನೊಂದು ಗುಣದ ಬೆನ್ನುಹತ್ತಿದನು. ಎರಡು ಸಣ್ಣ ತಿರುಪುಗಳ ಎಳೆಗಳಿಗೆ ನವುರಾದ ತಂತಿಗಳನ್ನು ಒತ್ತೊತ್ತಾಗಿ ಸಮಾನಾಂತರವಾಗಿ ಸುತ್ತಿ, ಆ ಸಂದುಗಳಲ್ಲಿ ಬೆಳಕನ್ನು ಹಾಯಿಸಿದಾಗ ಅಶ್ರಗವಿಲ್ಲದೆಯೇ ರೋಹಿತ ಮೂಡಿತು. ಮುಂದೆ ಗಾಜಿನ ಮೇಲೆ ವಜ್ರದ ಮೊನೆಯಿಂದ ಗೆರೆ ಎಳೆದು ಇನ್ನೂ ಒತ್ತಾದ ಜಾಲರಿಗಳನ್ನು ಮಾಡಿದನು. ಇವುಗಳಿಂದ ತನ್ನ ಗೆರೆಗಳ ತರಂಗಾಂತರವನ್ನು ಅಳೆದನು. ಡಿ ಗೆರೆಗೆ ಅವನು ಪಡೆದ ಬೆಲೆ ಇಂದಿನ ಅಳತೆಗೆ ತೀರ ಹತ್ತಿರವಾದುದು. ಬೆಳಕು ಅಲೆಯೋ ಕಣವೋ ಎಂದು ಪಂಡಿತರು ವಾದಿಸುತ್ತಿದ್ದ ಕಾಲದಲ್ಲಿ ಈ ಕಸುಬುದಾರ ಅಲೆಯ ಉದ್ದವನ್ನು ಅಳೆದು ಮುಂದಿಟ್ಟನು.

ಆದರೂ ಪಂಡಿತರ ಸಭೆಯಲ್ಲಿ ಅವನಿಗೆ ಮಣೆ ಸುಲಭವಾಗಿ ದೊರೆಯಲಿಲ್ಲ. ಮ್ಯೂನಿಕ್ಕಿನ ವಿಜ್ಞಾನ ಅಕಾಡೆಮಿ ಅವನ ಲೇಖನವನ್ನು 1817ರಲ್ಲಿ ಅಚ್ಚುಮಾಡಿತು. ಹೆಚ್ಚಿನ ಸ್ಥಾನ ಕೊಡುವ ಪ್ರಸ್ತಾಪ ಬಂದಾಗ ಕೆಲವರು ಆಕ್ಷೇಪಿಸಿದರು: ಅವನು ವಿಶ್ವವಿದ್ಯಾಲಯದಲ್ಲಿ ಓದಿದವನಲ್ಲ, ಕಾರ್ಖಾನೆಯ ಕೆಲಸ ವಿದ್ವತ್ತೆನಿಸದು. 1822ರಲ್ಲಿ ಎರ್ಲಾಂಗೆನ್ ವಿಶ್ವವಿದ್ಯಾಲಯ ಅವನಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. 1824ರಲ್ಲಿ ಅರಸನಿಂದ ಕುಲೀನ ಪದವಿ ಬಂದು ಹೆಸರಿನ ನಡುವೆ ಫಾನ್ ಎಂಬ ಗೌರವಸೂಚಕ ಸೇರಿತು. ಕೈಗೂ ಬುದ್ಧಿಗೂ ನಡುವೆ ಗೋಡೆ ಕಟ್ಟುವ ರೋಗ ನಮ್ಮ ಸಮಾಜಕ್ಕೆ ಮಾತ್ರ ವಿಶಿಷ್ಟವೆಂದು ನಾವು ಕೆಲವೊಮ್ಮೆ ಭಾವಿಸುತ್ತೇವೆ. ಅದು ಅಲ್ಲಿಯೂ ಇತ್ತು. ನಮ್ಮ ವಿದ್ಯಾಲಯಗಳ ಪ್ರಯೋಗಶಾಲೆಗಳಲ್ಲಿ ಉಪಕರಣವನ್ನು ರಿಪೇರಿ ಮಾಡಬಲ್ಲವನಿಗೆ ಅದರ ಸೂತ್ರವನ್ನು ಮಾತ್ರ ಬಲ್ಲವನಿಗಿಂತ ಕೆಳಗಿನ ಕುರ್ಚಿ ಇರುವತನಕ ಈ ಕಥೆ ಹಳತಾಗದು.

ಅವನ ಬಾಳಿನ ಒಂದು ನೆರಳನ್ನೂ ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು. ಗೆರೆಗಳ ವಿಚಾರವನ್ನು ಅವನು ಮುಕ್ತವಾಗಿ ಪ್ರಕಟಿಸಿದನು. ಗಾಜನ್ನು ಕಾಯಿಸುವ ಕ್ರಮವನ್ನು ಪ್ರಕಟಿಸಲಿಲ್ಲ. ಅದು ಕಾರ್ಖಾನೆಯ ಬಂಡವಾಳವಾಗಿತ್ತು. 1824ರಲ್ಲಿ ಇಂಗ್ಲೆಂಡಿನಿಂದ ಜಾನ್ ಹರ್ಷೆಲ್ ಅವನನ್ನು ಕಾಣಲು ಬಂದನು. ಆ ಕಾಲದಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿ ಒಳ್ಳೆಯ ಗಾಜಿನ ಶೋಧಕ್ಕೆ ಒಂದು ಸಮಿತಿಯನ್ನು ನೇಮಿಸಿತು. ಮಹಾವಿಜ್ಞಾನಿ ಫ್ಯಾರಡೆ ಅದಕ್ಕಾಗಿ ವರ್ಷಗಟ್ಟಲೆ ಕುಲುಮೆಯ ಮುಂದೆ ಬೆವರಿಳಿಸಿದನು. ವ್ಯಾಪಾರದ ಗುಟ್ಟನ್ನು ಕಾಪಾಡುವುದು ತಪ್ಪೆಂದು ನಾನು ಹೇಳಲಾರೆ. ಹೊಟ್ಟೆಪಾಡನ್ನು ಬಲ್ಲ ಅನಾಥನಿಗೆ ಅದರ ಬೆಲೆ ಪಂಡಿತರಿಗಿಂತ ಚೆನ್ನಾಗಿ ತಿಳಿದಿತ್ತು. ಆದರೂ ಜಗತ್ತಿಗೆ ಬೆಳಕಿನ ಅಕ್ಷರಮಾಲೆಯನ್ನು ಕೊಟ್ಟವನು ಗಾಜಿನ ಪಾಕವನ್ನು ಬಚ್ಚಿಟ್ಟುಕೊಂಡನೆಂಬುದು ಮನಸ್ಸಿನಲ್ಲಿ ಉಳಿಯುತ್ತದೆ. ವಿಚಿತ್ರವೆಂದರೆ, ಆ ವಿದ್ಯೆಯ ಒಂದು ಕವಲು ಮುದುಕ ಗಿನಾನನ ಮಗನ ಮೂಲಕ ಫ್ರಾನ್ಸಿಗೂ, ಅಲ್ಲಿಂದ ಇಂಗ್ಲೆಂಡಿಗೂ ಹರಿಯಿತು. ಗುಟ್ಟುಗಳಿಗೆ ಕಾವಲು ಎಷ್ಟಿದ್ದರೂ ಕೈಯಿಂದ ಕೈಗೆ ದಾಟುವುದು ತಪ್ಪುವುದಿಲ್ಲ.

ಬಾಲ್ಯದಿಂದಲೂ ಅವನ ಮೈ ಸೊರಗಿದುದು. ಕುಲುಮೆಯ ಬೇಗೆ, ಹೊಗೆ, ಹೊರಗಿನ ಚಳಿ, ಎಡೆಬಿಡದ ದುಡಿಮೆ ಇವೆಲ್ಲ ಸೇರಿ ಎದೆಯನ್ನು ಕೊರೆದವು. ಕ್ಷಯರೋಗದಿಂದ ನರಳಿ 1826ನೆಯ ಇಸವಿ ಜೂನ್ 7ರಂದು ಮ್ಯೂನಿಕ್ಕಿನಲ್ಲಿ ತೀರಿಕೊಂಡನು. ಮದುವೆಯಾಗಿರಲಿಲ್ಲ. ಹದಿನೇಳು ದಿನ ಮೊದಲು ಗತಿಸಿದ್ದ ರೈಖೆನ್‌ಬಾಖನ ಗೋರಿಯ ಪಕ್ಕದಲ್ಲಿಯೇ ಅವನನ್ನೂ ಮಣ್ಣುಮಾಡಿದರು. ಅವನ ಗೋರಿಯ ಕಲ್ಲಿನ ಮೇಲೆ ನಕ್ಷತ್ರಗಳನ್ನು ಹತ್ತಿರಕ್ಕೆ ತಂದವನೆಂಬರ್ಥದ ಲ್ಯಾಟಿನ್ ಬರೆಹ ಕೆತ್ತಲ್ಪಟ್ಟಿತು.

ಅವನ ಕೆಲಸ ಅವನೊಡನೆ ಮಣ್ಣಾಗಲಿಲ್ಲ. ಅವನು ರಚಿಸತೊಡಗಿದ್ದ ಉಪಕರಣವೊಂದು ಅವನ ಮರಣಾನಂತರ ಪೂರ್ಣಗೊಂಡು ಕೋನಿಗ್ಸ್‌ಬರ್ಗ್ ಸೇರಿತು. 1838ರಲ್ಲಿ ಬೆಸೆಲ್ ಅದರಿಂದ ರಾಜಹಂಸ ಪುಂಜದ ಒಂದು ನಕ್ಷತ್ರದ ದೂರವನ್ನು ಅಳೆದನು. ಅವನ ಕಾರ್ಖಾನೆಯ ಇನ್ನೊಂದು ದೂರದರ್ಶಕದಿಂದ 1846ರಲ್ಲಿ ಬರ್ಲಿನ್ನಿನಲ್ಲಿ ನೆಪ್ಚೂನ್ ಗ್ರಹ ಕಂಡಿತು. 1859ರಲ್ಲಿ ಕಿರ್ಕಾಫನೂ ಬುನ್ಸೆನನೂ ಕಪ್ಪು ಗೆರೆಗಳ ಒಗಟನ್ನು ಬಿಡಿಸಿದರು: ಡಿ ಗೆರೆ ಸೋಡಿಯಮ್ಮಿನದು, ಸೂರ್ಯನ ಹೊರಮೈಯಲ್ಲಿರುವ ಧಾತುಗಳು ತಮ್ಮ ತಮ್ಮ ಬಣ್ಣದ ಬೆಳಕನ್ನು ಹೀರಿಕೊಳ್ಳುವುದರಿಂದ ಕಪ್ಪು ಗೆರೆಗಳು ಮೂಡುತ್ತವೆ. ಫಿಲ್ಟರ್ ಒಂದು ಬಣ್ಣವನ್ನು ತಡೆದು ಇನ್ನೊಂದನ್ನು ಬಿಡುವಂತೆ, ಸೂರ್ಯನ ವಾಯುಮಂಡಲವೇ ಒಂದು ಮಹಾ ಫಿಲ್ಟರಾಗಿತ್ತು. ಬಣ್ಣದ ಗಾಜಿನಲ್ಲಿ ಸೋತ ಫ್ರೌನ್‌ಹೋಫರ್, ತನಗರಿವಿಲ್ಲದೆಯೇ, ಪ್ರಕೃತಿಯ ಆ ಫಿಲ್ಟರಿನ ಗುರುತನ್ನು ಅಳೆದಿದ್ದನು.

ಆ ಗೆರೆಗಳ ಚರಿತ್ರೆ ನಮ್ಮ ದೇಶದ ನೆಲವನ್ನೂ ಮುಟ್ಟಿದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದಲ್ಲಿ ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ ನಿಂತು ಸೂರ್ಯನ ಅಂಚಿನ ಜ್ವಾಲೆಗಳ ರೋಹಿತವನ್ನು ನೋಡಿದನು. ಡಿ ಗೆರೆಯ ಸಮೀಪದಲ್ಲಿದ್ದೂ ಸೋಡಿಯಮ್ಮಿಗೆ ಹೊಂದದ ಹಳದಿ ಗೆರೆಯೊಂದು ಆ ವರ್ಷದ ವೀಕ್ಷಣೆಗಳಿಂದ ಬೆಳಕಿಗೆ ಬಂದು, ಹೀಲಿಯಮ್ಮಿನ ಶೋಧಕ್ಕೆ ದಾರಿಮಾಡಿತು. ಇಂದು ಬೆಂಗಳೂರಿನಲ್ಲಿ ಕೇಂದ್ರವುಳ್ಳ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ ಸೇರಿದ ಕೊಡೈಕನಾಲ್ ವೀಕ್ಷಣಾಲಯದಲ್ಲಿ, ಇಪ್ಪತ್ತನೆಯ ಶತಮಾನದ ಆದಿಭಾಗದಿಂದ ಕ್ಯಾಲ್ಸಿಯಂ ಗೆರೆಯ ಬೆಳಕಿನಲ್ಲಿ ಸೂರ್ಯನ ಚಿತ್ರಗಳನ್ನು ಸಂಗ್ರಹಿಸಿದ್ದಾರೆ. ಫ್ರೌನ್‌ಹೋಫರ್ ಸಿ ಎಂದು ಗುರುತು ಹಾಕಿದ ಹೈಡ್ರೊಜನ್ ಗೆರೆಯನ್ನು ಮಾತ್ರ ಒಳಬಿಡುವ ಫಿಲ್ಟರುಗಳು ಈಗ ಹವ್ಯಾಸಿಗಳಿಗೂ ದೊರೆಯುತ್ತವೆ. ಅಂದು ಅವನು ಹುಡುಕಿ ಕಾಣದೆಹೋದ ಏಕವರ್ಣದ ಗಾಜು ಕೊನೆಗೂ ದೊರೆಯಿತು. ಅದನ್ನು ಮಾಡಬೇಕಾದರೆ ಅವನು ಅಳೆದಿಟ್ಟ ಗೆರೆಯೇ ಗುರುತಾಗಬೇಕಾಯಿತು.

ವಿದ್ಯಾರ್ಥಿಗಳು ಮುಂದೆ ಡಿ ಗೆರೆಯ ತರಂಗಾಂತರವನ್ನು ಬರೆಯುವಾಗ, ಮಣ್ಣಿನ ರಾಶಿಯಡಿಯಿಂದ ಹೊರಬಂದ ಹದಿನಾಲ್ಕು ವರ್ಷದ ಹುಡುಗನನ್ನು ಒಮ್ಮೆ ನೆನೆಯಲಿ. ಅಧ್ಯಾಪಕರು ಪ್ರಯೋಗಶಾಲೆಯ ಅಶ್ರಗವನ್ನು ಅವರ ಕೈಗೆ ಕೊಡುವಾಗ, ಬೆರಳ ಗುರುತು ಬೀಳದಂತೆ ಅಂಚಿನಲ್ಲಿ ಹಿಡಿಯಲು ಹೇಳಿಕೊಡಲಿ. ಆ ಎಚ್ಚರದಿಂದಲೇ ಅವನ ವಿದ್ಯೆಯೂ ಮೊದಲಾದದ್ದು.